ರಿಜಿಸ್ಟರ್ ಬರೆಯುವ ತಮ್ಮನಿಗೆ

ಬೀದರ್

ಪ್ರೀತಿಯ ತಮ್ಮಾ,

ಕರ್ತನ ಹೆಸರಿನಲ್ಲಿ ವಂದನೆ. ಕಲಬುರಗಿಯ ನಿಮ್ಮ ಚರ್ಚಿನ ಸಭೆಗೆ ನಿನ್ನನ್ನೇ ಕಾರ್ಯದರ್ಶಿ ಮಾಡಿದ್ದಾರಂತೆ. ಫೋನಿನಲ್ಲಿ ಹೇಳುವಾಗ ನಿಮ್ಮಪ್ಪನ ದನಿಯೇ ಬೇರೆ ಇತ್ತು. ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಹಾಜರಿ, ಕಾಣಿಕೆ, ದೀಕ್ಷಾಸ್ನಾನ, ಎಲ್ಲಕ್ಕೂ ಬಣ್ಣಬಣ್ಣದ ಗೆರೆ. ಚೆಂದ ಇದೆ. ಆದರೆ ಮೇಲೆ ‘ಆತ್ಮಿಕ ಬೆಳವಣಿಗೆ’ ಅಂತ ಹಾಕಿದ್ದೀಯಲ್ಲ, ನನಗೆ ಅದೇ ಗಂಟಲಲ್ಲಿ ಸಿಕ್ಕಿಕೊಂಡಿತು.

ನಾನೂ ಹನ್ನೊಂದು ವರ್ಷ ಆ ರಿಜಿಸ್ಟರ್ ಬರೆದವನು. ಒಂದು ವರ್ಷ ಹಾಜರಿ ಚೆನ್ನಾಗಿ ಏರಿತ್ತು. ವಾರ್ಷಿಕ ಸಭೆಯಲ್ಲಿ ಎದ್ದು ಓದಿದೆ, ಚಪ್ಪಾಳೆ ಬಿತ್ತು. ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬ ಅಜ್ಜಿ ಕೈ ಹಿಡಿದರು. “ಸೊಂಟ ಮುರಿದು ನಾಲ್ಕು ತಿಂಗಳು ಮಲಗಿದ್ದೆನಪ್ಪ. ಯಾರೂ ಬರಲಿಲ್ಲ” ಅಂದರು. ಬೈಯಲಿಲ್ಲ, ಸುಮ್ನೆ ಹೇಳಿದರು. ಮನೆಗೆ ಬಂದು ರಿಜಿಸ್ಟರ್ ತೆಗೆದೆ. ಭಾನುವಾರಕ್ಕೊಂದು ಒಟ್ಟು ಸಂಖ್ಯೆ, ಅಷ್ಟೇ. ಹೊಸಬರು ಬಂದು ಕೂತಿದ್ದರಿಂದ ಆ ಅಜ್ಜಿಯ ಜಾಗ ಖಾಲಿಯಾಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಎಣಿಸಬೇಡ ಅನ್ನುತ್ತಿಲ್ಲ. ಬೈಬಲಿನ ಲೂಕ 15ರ ಕುರುಬನೂ ಎಣಿಸಿದವನೇ. ನೂರು ಕುರಿ ಅಂತ ಲೆಕ್ಕ ಇದ್ದಿದ್ದಕ್ಕೇ ಒಂದು ತಪ್ಪಿಸಿಕೊಂಡಿದ್ದು ತಿಳಿಯಿತು, ಅಲ್ವಾ? ನೀನೂ ಎಷ್ಟು ಜನ ಬಂದರು ಅನ್ನುವುದಕ್ಕಿಂತ ಯಾರು ಬರಲಿಲ್ಲ ಅಂತ ಬರಿ.

ನಮ್ಮ ಮೆಥೋಡಿಸ್ಟ್ ಪಂಥದಲ್ಲಿ ಹೀಗೆ ಒಬ್ಬೊಬ್ಬರನ್ನು ವಿಚಾರಿಸುವುದು ಶುರುವಾಗಿದ್ದೇ ದುಡ್ಡಿನ ಲೆಕ್ಕದಿಂದ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ತಲೆಗೆ ವಾರಕ್ಕೊಂದು ಪೆನ್ನಿ, ಸುಮಾರು ಹನ್ನೆರಡು ಜನಕ್ಕೆ ಒಬ್ಬ ನಾಯಕ ಅಂತ ಮಾಡಿದರು. ಪೆನ್ನಿಗಾಗಿ ಮನೆಮನೆ ತಿರುಗಿದವರಿಗೆ ಅಲ್ಲಿನ ಜಗಳ, ಕುಡಿತ, ಕಾಯಿಲೆ ಎಲ್ಲ ಕಣ್ಣಿಗೆ ಬಿತ್ತು. ತಾನು ಹುಡುಕುತ್ತಿದ್ದದ್ದು ಇದನ್ನೇ ಅಂತ ಪಂಥ ಶುರುಮಾಡಿದ ಜಾನ್ ವೆಸ್ಲಿಗೆ ಹೊಳೆಯಿತು. ಸಾಲ ವಸೂಲಿಗೆ ಮಾಡಿದ ಗುಂಪುಗಳೇ ‘ಕ್ಲಾಸ್ ಮೀಟಿಂಗ್’ ಆದವು. ವಾರವಾರ ಕೂತು, ನಿನ್ನ ಆತ್ಮ ಹೇಗಿದೆ ಅಂತ ಒಬ್ಬರನ್ನೊಬ್ಬರು ಕೇಳುವ ಪದ್ಧತಿ ಬಂತು.

ಇನ್ನೊಂದು. ನಿನ್ನ ಗೆರೆ ಜನವರಿ ಆದಮೇಲೆ ಕೆಳಗಿಳಿದಿದೆ, ಪಕ್ಕದಲ್ಲಿ ‘ಆಸಕ್ತಿ ಕಡಿಮೆ’ ಅಂತ ಬರೆದಿದ್ದೀಯ. ಆಸಕ್ತಿ ಅಲ್ಲಪ್ಪ ಅದು, ಗುಳೆ! ತೊಗರಿ ರಾಶಿ ಮುಗಿದ ಮೇಲೆ ನಿಮ್ಮ ಸುತ್ತಲಿನ ಹಳ್ಳಿಯವರು ಪುಣೆ, ಮುಂಬೈ, ಹೈದರಾಬಾದ್ ಬಸ್ ಹತ್ತುತ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ. ಹೋದವರ ಫೋನ್ ನಂಬರ್ ಯಾರ ಹತ್ತಿರ ಇದೆ? ಉಳಿದವರ ಬಾಗಿಲಿಗೆ ಯಾರು ಹೋಗುತ್ತಾರೆ? ನಿಮ್ಮ ಮಿಷನ್ ಕೆಲಸ ಆ ಇಳಿದ ಗೆರೆಯಲ್ಲೇ ಇದೆ.

ಬೈಬಲಿನ ಗಲಾತ್ಯ 5ರಲ್ಲಿ ಬರುವ ಪ್ರೀತಿ, ತಾಳ್ಮೆಯಂಥ ಒಂಬತ್ತು ಗುಣಗಳಿಗೆ ಅಂಕ ಹಾಕುವ ಫಾರಂ ಮಾತ್ರ ತರಬೇಡ. ತಾಳ್ಮೆಗೆ ಹತ್ತಕ್ಕೆ ಎಂಟು ಅಂತ ಯಾರು ಯಾರಿಗೆ ಕೊಡುವುದು? ಜನ ನಟಿಸೋಕೆ ಕಲಿಯುತ್ತಾರೆ. ಗೋಡೆ ಜಗಳದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಚಾಪೆಯಲ್ಲಿ ಕೂತರೆ ಅದನ್ನು ಬರೆದಿಡು. ಹಿಂದಿನ ಬೆಂಚಿನ ಹುಡುಗ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದರೆ ಅದನ್ನೂ. ಕಮಿಟಿಯಲ್ಲಿ ಗಟ್ಟಿಯಾಗಿ ಓದಬೇಡ. ನೀನು, ಪಾಸ್ಟರ್ ಇಬ್ಬರೇ ನೋಡಿದರೆ ಸಾಕು.

ಕಮಿಟಿ ಅಂದರೆ ನನಗೆ ನೆನಪಾಗುವುದು ಸ್ಪೀಕರ್ ಬಾಕ್ಸ್. ಒಂದು ಸಲ ಅದರ ಮೇಲೇ ಎರಡು ಗಂಟೆ ವಾದ ಮಾಡಿ, ಊಟಕ್ಕೆ ಹೊತ್ತಾಯಿತೆಂದು ಎದ್ದೆವು. ಬೀದರಿಗೆ ಬಂದ ಹಳೇ ಮಿಷನರಿಗಳು ಪ್ರಾರ್ಥನೆಯ ಮನೆಯ ಜೊತೆಗೆ ಶಾಲೆ, ಆಸ್ಪತ್ರೆಯನ್ನೂ ಕಟ್ಟಿದರು. ನಮಗೆ ವೈರ್ ಯಾವ ಕಡೆಯಿಂದ ಎಳೆಯಬೇಕು ಅನ್ನುವುದೇ ಮುಗಿಯಲಿಲ್ಲ. ಈ ತಿಂಗಳು ಯಾರ ಮನೆಗೆ ಹೋಗಿದ್ದೆವು, ಕಾಂಪೌಂಡ್ ಆಚೆಗೆ ಎಷ್ಟು ಖರ್ಚಾಯಿತು ಅನ್ನುವುದನ್ನು ನೀನು ಮೊದಲೇ ಎತ್ತಿಬಿಡು. ಸ್ಪೀಕರ್ ಕಡೆಗಿರಲಿ.

ಕ್ರಿಸ್‌ಮಸ್‌ಗೆ ಬರುವಾಗ ಹೆಸರಿರುವ ರಿಜಿಸ್ಟರ್ ತಗೊಂಡು ಬಾ, ಲ್ಯಾಪ್‌ಟಾಪ್ ಬೇಡ. ದೊಡ್ಡಮ್ಮ ನಿನಗೆಂದು ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ.

ನಿನ್ನ ದೊಡ್ಡಪ್ಪ