ಮತ್ತೆ ನೀರಿಗೆ ಇಳಿಯುತ್ತಿರುವ ಮಂಜುಗೆ

ಪ್ರೀತಿಯ ಮಂಜು,

"ಇಷ್ಟು ವರ್ಷ ಈಜು ಬಿಟ್ಟ ಮೇಲೆ ಮತ್ತೆ ಶುರು ಮಾಡಿದರೆ ಆಗುತ್ತೇನೋ?" ಅಂತ ಕೇಳಿದ್ದೀಯ. ಆಗುತ್ತದೆ ಕಣೋ, ಖಂಡಿತ ಆಗುತ್ತದೆ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ ಅಂತ ಬರೆಯಲು ಕೂತಿದ್ದೇನೆ. ನಮ್ಮ ವಯಸ್ಸಿನ ಇನ್ನೂ ಎಷ್ಟೋ ಜನ ಇದೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಪೂಲಿನ ಗೇಟಿನವರೆಗೂ ಬಂದು ವಾಪಸ್ ಹೋಗುತ್ತಾರೆ. ಅವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ. ನಿನಗೆ ಬೇಜಾರಿಲ್ಲ ಅಲ್ವಾ?

ನನ್ನ ಕಥೆ ನಿನಗೆ ಗೊತ್ತು. ಕೆಲಸ, ಮನೆ, ಅಪ್ಪನ ಆರೈಕೆ ಅಂತ ಈಜು ಮೊದಲೇ ಕಡಿಮೆಯಾಗಿತ್ತು. 2020ರ ಮಾರ್ಚ್‌ನಲ್ಲಿ ಪೂಲ್‌ಗಳೆಲ್ಲ ಮುಚ್ಚಿದ ಮೇಲೆ ಪೂರ್ತಿ ನಿಂತಿತು. ಅಂಗಡಿ, ಬಸ್ಸು, ಹೋಟೆಲ್ ಎಲ್ಲ ಶುರುವಾದರೂ ಈಜುಕೊಳಕ್ಕೆ ಅನುಮತಿ ಇರಲಿಲ್ಲ. ಆ ವರ್ಷ ಅಕ್ಟೋಬರ್ ಮಧ್ಯದಲ್ಲಿ ಕೇಂದ್ರ ಸರ್ಕಾರ ಕ್ರೀಡಾಪಟುಗಳ ತರಬೇತಿಗೆ ಮಾತ್ರ ಬಿಟ್ಟಿತು. ನಮ್ಮಂಥವರು 2021ರ ಫೆಬ್ರವರಿವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸವೇ ತಪ್ಪಿತ್ತು. ಕಳೆದ ಮಳೆಗಾಲದಿಂದ ಮತ್ತೆ ಕ್ರಮವಾಗಿ ಹೋಗುತ್ತಿದ್ದೇನೆ. ಈ ತಿಂಗಳುಗಳಲ್ಲಿ ಕಲಿತದ್ದು ನಾವು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಬೇರೆ. ಆಗ ನಮಗೆ ಮೈ ಅಂದರೆ ಹೇಳಿದ ಹಾಗೆ ಕೇಳುವ ವಸ್ತು. ಈಗ ಅದರ ಮಾತನ್ನೂ ಕೇಳಬೇಕು.

ಮುಖ್ಯವಾಗಿ ಹೇಳಬೇಕಾದದ್ದು ಒಂದೇ ವಿಷಯ. ಉಸಿರು ಬೇಗ ವಾಪಸ್ ಬರುತ್ತದೆ, ಭುಜ ತಡ ಮಾಡುತ್ತದೆ. ಇವೆರಡರ ನಡುವಿನ ವಾರಗಳಲ್ಲಿ ಹುಷಾರಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಉಸಿರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಮೊದಲ ದಿನ ನಿನ್ನನ್ನು ಹೆದರಿಸುವುದು ಅದೇ. ಎರಡು ಲ್ಯಾಪ್ ಮುಗಿಯುವಷ್ಟರಲ್ಲಿ ಎದೆ ಬಿಗಿಯಾಗಿ, "ನನ್ನ ಕೈಲಾಗಲ್ಲ" ಅನ್ನಿಸುತ್ತದೆ. ಶಕ್ತಿ ಪೂರ್ತಿ ಹೋಗಿದೆ ಅಂದುಕೊಳ್ಳಬೇಡ. ಬಹಳ ಸಲ ಅದು ಗಾಳಿ ಸಾಲದೆ ಆಗುವ ಸಂಕಟವೇ ಅಲ್ಲ. ಒಳಗಿನ ಗಾಳಿ ಹೊರಗೆ ಹೋಗದೆ ಆಗುವ ಸಂಕಟ. ಉಸಿರು ಬೇಕು ಬೇಕು ಅಂತ ಮೈ ಒದ್ದಾಡುವುದು ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದಾಗ. ಮುಖ ನೀರಿನಲ್ಲಿದ್ದಾಗ ಉಸಿರು ಹಿಡಿದುಕೊಂಡರೆ ಅದು ಒಳಗೇ ಸೇರುತ್ತಾ ಹೋಗುತ್ತದೆ. ಮುಖ ಪಕ್ಕಕ್ಕೆ ತಿರುಗಿಸಿದ ಅಷ್ಟು ಚಿಕ್ಕ ಹೊತ್ತಿನಲ್ಲಿ ಬಿಡುವುದು, ಎಳೆದುಕೊಳ್ಳುವುದು ಎರಡೂ ಆಗಬೇಕು. ಆಗಲ್ಲ. ಅದಕ್ಕೆ ಮುಖ ನೀರಿನಲ್ಲಿರುವಾಗಲೇ ಮೂಗು ಬಾಯಿಂದ ಸಣ್ಣಗೆ ಗುಳ್ಳೆ ಬಿಡುತ್ತಾ ಇರು. ತಿರುಗಿದಾಗ ಒಳಗೆಳೆದುಕೊಳ್ಳುವುದಷ್ಟೇ ಕೆಲಸ ಆಗಬೇಕು. ಮೊದಲ ಒಂದು ವಾರ ಗೋಡೆ ಹಿಡಿದುಕೊಂಡು ಇದನ್ನೇ ಹತ್ತು ನಿಮಿಷ ಮಾಡಿದರೂ ನಷ್ಟವಿಲ್ಲ. ಮೂರು ಕೈಗೆ, ಅಂದರೆ ಮೂರು ಸಲ ಕೈ ಬೀಸುವುದಕ್ಕೆ, ಒಂದು ಉಸಿರು ಅಂತ ಕೋಚ್ ಹೇಳುತ್ತಿದ್ದರಲ್ಲ, ಅದು ಆಮೇಲೆ. ಈಗ ಎರಡು ಕೈಗೆ ಒಂದು ಉಸಿರು ತಗೋ.

ಇದೇ ಮಾತಿಗೆ ಸೇರಿಸಿ ಇನ್ನೊಂದು ಹೇಳಲೇಬೇಕು. ಕಾಲೇಜಿನಲ್ಲಿ ನೀರೊಳಗೇ ಉಸಿರು ಹಿಡಿದು ಪೂಲಿನ ಆ ಕಡೆ ಮುಟ್ಟುವ ಪಂದ್ಯ ಕಟ್ಟುತ್ತಿದ್ದೆವು. ಅದನ್ನು ಮಾತ್ರ ಮತ್ತೆ ಮಾಡಬೇಡ, ನಿನ್ನ ಮಗನಿಗೂ ಬಿಡಬೇಡ. ಮುಳುಗುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರಾಡಿಕೊಂಡರೆ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತದೆ, ಆಮ್ಲಜನಕ ಮಾತ್ರ ಹೆಚ್ಚೇನೂ ಏರುವುದಿಲ್ಲ. ಹಾಗಾಗಿ "ಮೇಲೆ ಬಾ" ಅನ್ನುವ ಎಚ್ಚರಿಕೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬಲ್ಲವರೇ ಹೀಗೆ ಸದ್ದಿಲ್ಲದೆ ಮುಳುಗುತ್ತಾರೆ. ನಡುಮಟ್ಟದ ನೀರಿನಲ್ಲೂ ಇದು ಆಗುತ್ತದೆ.

ಇನ್ನು ನಿನ್ನ ತಲೆ. ನೀನು ನಿಮ್ಮ ತೋಟದ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಕಲಿತವನು. ಬಾವಿಯಲ್ಲಿ ಕಲಿತವರಿಗೆ ನೀರಿನ ಭಯ ಇರುವುದಿಲ್ಲ. ಅದು ದೊಡ್ಡ ಆಸ್ತಿ, ಪೂಲಿನಲ್ಲಿ ಫೀಸು ಕಟ್ಟಿ ಕಲಿತ ನನಗೆ ಅದು ಬರಲು ವರ್ಷಗಳೇ ಬೇಕಾದವು. ಆದರೆ ಬಾವಿಯಲ್ಲಿ ತಲೆ ಮೇಲೆತ್ತಿ, ಗೋಡೆ ನೋಡುತ್ತಾ ಈಜುತ್ತಾರೆ. ದಣಿವಾದಾಗ ಮೈ ಆ ಹಳೇ ಪಾಠಕ್ಕೇ ಓಡುತ್ತದೆ. ತಲೆ ಎತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಇಳಿಬಿದ್ದ ಕಾಲನ್ನು ಅದರೊಳಗೆ ಎಳೆದುಕೊಂಡು ಹೋಗುವುದಕ್ಕೇ ನಿನ್ನ ಶಕ್ತಿಯೆಲ್ಲ ಖರ್ಚಾಗುತ್ತದೆ. ಕಣ್ಣು ಪೂಲಿನ ತಳದ ಕಪ್ಪು ಗೆರೆಯ ಮೇಲಿರಲಿ, ಕತ್ತಿನ ಹಿಂಭಾಗ ಸಡಿಲವಾಗಿರಲಿ. ಅಷ್ಟು ಮಾಡಿದರೆ ಸೊಂಟ ತಾನೇ ಮೇಲೆ ಬರುತ್ತದೆ. ನಮ್ಮ ವಯಸ್ಸಿನಲ್ಲಿ ಹೆಚ್ಚು ಬಲ ಹಾಕುವುದಕ್ಕಿಂತ ನೀರಿನ ಅಡ್ಡಿ ಕಡಿಮೆ ಮಾಡಿಕೊಳ್ಳುವುದೇ ಲಾಭ ಅಂತ ನನಗೆ ದಿನದಿನಕ್ಕೂ ಖಾತ್ರಿಯಾಗುತ್ತಿದೆ.

ಈಗ ಭುಜದ ವಿಷಯ. ಇದನ್ನು ಎರಡು ಸಲ ಓದು.

ತರಬೇತಿ ಬಿಟ್ಟ ಕೆಲವೇ ದಿನಗಳಲ್ಲಿ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಕಡಿಮೆಯಾಗಲು ಶುರುವಾಗುತ್ತದೆ. ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತವೂ ತಗ್ಗುತ್ತದೆ. ಮೆಟ್ಟಿಲು ಹತ್ತಿದರೂ ಏದುಸಿರು ಬರುವುದಕ್ಕೆ ಇದೂ ಒಂದು ಕಾರಣ. ಸಂತೋಷದ ಸಂಗತಿ ಏನೆಂದರೆ, ಮತ್ತೆ ಶುರು ಮಾಡಿದಾಗ ಇದು ಅಷ್ಟೇ ಬೇಗ ತುಂಬಿಕೊಳ್ಳುತ್ತದೆ. ಎರಡು ಮೂರು ವಾರಕ್ಕೇ "ಅರೆ, ಹಳೇ ದಮ್ಮು ಬಂತಲ್ಲ" ಅನ್ನಿಸುತ್ತದೆ. ಅಲ್ಲೇ ಅಪಾಯ ಇರುವುದು. ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿಯುವ ನಾರು ಇದೆಯಲ್ಲ, ಟೆಂಡನ್, ಅದಕ್ಕೆ ರಕ್ತ ಹರಿಯುವುದೇ ಕಡಿಮೆ. ಅದು ಗಟ್ಟಿಯಾಗಲು ತಿಂಗಳುಗಳು ಬೇಕು. ಭುಜದ ಕೀಲನ್ನು ಹಿಡಿದಿಡುವುದು ರೊಟೇಟರ್ ಕಫ್ ಅನ್ನುವ ನಾಲ್ಕು ಚಿಕ್ಕ ಸ್ನಾಯುಗಳು. ಅವುಗಳಲ್ಲಿ ಮೇಲಿನದರ ನಾರು ಭುಜದ ತುದಿಯ ಮೂಳೆಯ ಕೆಳಗೆ ಇಕ್ಕಟ್ಟಾದ ಜಾಗದಲ್ಲಿ ಹಾದುಹೋಗುತ್ತದೆ.

ಲೆಕ್ಕ ಹಾಕಿ ನೋಡು. 25 ಮೀಟರ್‌ಗೆ 20 ಕೈ ಹಾಕುತ್ತೀಯ ಅಂದುಕೊಂಡರೆ, ಒಂದು ಕಿಲೋಮೀಟರ್‌ಗೆ 800 ಕೈ. ಒಂದೊಂದು ಭುಜ 400 ಸಲ ತಿರುಗುತ್ತದೆ. ಆ ಇಕ್ಕಟ್ಟಿನಲ್ಲಿ ನಾರು ಸ್ವಲ್ಪ ಉಜ್ಜಿದರೂ ಅದು ನಾನೂರು ಸಲ ಉಜ್ಜಿದ ಹಾಗೆ. ನಮ್ಮ ಬ್ಯಾಚಿಗೆ ವಾಪಸ್ ಬಂದವರಲ್ಲಿ ಮಧ್ಯದಲ್ಲೇ ಬಿಟ್ಟುಹೋದವರನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಹೋದದ್ದು ದಮ್ಮಿಲ್ಲದೆ ಅಲ್ಲ, ಭುಜ ನೋವಿಗೆ. ಅದೂ ಮೊದಲ ವಾರದಲ್ಲಲ್ಲ. ಎಲ್ಲ ಚೆನ್ನಾಗಿ ನಡೆಯುತ್ತಿದೆ ಅಂತ ಖುಷಿಯಾಗಿ ದೂರ ಜಾಸ್ತಿ ಮಾಡಿದ ನಾಲ್ಕನೇ, ಐದನೇ ವಾರದಲ್ಲಿ. ನೋಡಿ ಸಂಕಟವಾಯಿತು.

ಅದಕ್ಕೆ ನೀನು ಮಾಡಬೇಕಾದದ್ದು ಹೇಳುತ್ತೇನೆ. ಕೈ ನೀರಿಗೆ ಹೋಗುವಾಗ ಹೆಬ್ಬೆರಳು ಮುಂದಾಗಿ ಹೋಗಬಾರದು. ನಮಗೆ ಆಗ ಹಾಗೇ ಹೇಳಿಕೊಟ್ಟಿದ್ದರು, ಈಗ ಬಹಳ ಕೋಚ್‌ಗಳು ಅದನ್ನು ಬಿಡಿಸುತ್ತಾರೆ. ಅಂಗೈ ನೆಲಕ್ಕೆ ಮುಖ ಮಾಡಿ, ನಡುಬೆರಳು ಮೊದಲು, ಭುಜದ ನೇರಕ್ಕೆ ಕೈ ಇಳಿಯಲಿ. ತಲೆಯ ಮುಂದೆ ಅಡ್ಡ ದಾಟುವುದು ಬೇಡ. ಉಸಿರು ತಗೊಳ್ಳುವಾಗ ಕತ್ತು ಮಾತ್ರ ತಿರುಗಿಸಬೇಡ, ಸೊಂಟದಿಂದ ಇಡೀ ಮೈ ಹೊರಳಲಿ. ಆಗ ಭುಜಕ್ಕೆ ಜಾಗ ಸಿಗುತ್ತದೆ. ನೀರಿಗಿಳಿಯುವ ಮುಂಚೆ ರಬ್ಬರ್ ಬ್ಯಾಂಡ್ ಹಿಡಿದು, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು, ಮುಂಗೈಯನ್ನು ಹೊರಗೆ ತಿರುಗಿಸುವ ವ್ಯಾಯಾಮ ಮಾಡು. ಕೈಗೆ ಹಾಕಿಕೊಳ್ಳುವ ಪ್ಯಾಡಲ್ ನಿನ್ನ ಹಳೇ ಬ್ಯಾಗಿನಲ್ಲೇ ಇರಲಿ, ಮೂರು ತಿಂಗಳು ಮುಟ್ಟಬೇಡ. ಮಾಂಸ ನೊಂದ ಹಾಗೆ ಎರಡೂ ಕಡೆ ಮಂದವಾಗಿ ನೋವಿದ್ದರೆ ಚಿಂತೆಯಿಲ್ಲ, ಒಂದೆರಡು ದಿನಕ್ಕೆ ಹೋಗುತ್ತದೆ. ಒಂದೇ ಭುಜದಲ್ಲಿ ಚುಚ್ಚಿದ ಹಾಗಾದರೆ, ಆ ಮಗ್ಗುಲಿಗೆ ಮಲಗಲು ಆಗದಿದ್ದರೆ, ಅವತ್ತೇ ನಿಲ್ಲಿಸು. ಫಿಸಿಯೋ ಹತ್ತಿರ ಹೋಗು. ಹಾಗೇ, ಶುರು ಮಾಡುವ ಮುಂಚೆ ಬಿಪಿ, ಹೃದಯ ಎರಡನ್ನೂ ಡಾಕ್ಟರಿಗೆ ತೋರಿಸಿಕೊಂಡು ಬಾ. ನಲವತ್ತೈದು ದಾಟಿದ ಮೇಲೆ ಇದನ್ನು ಬಿಡುವ ಹಾಗಿಲ್ಲ.

ಸೆಟ್, ಅಂದರೆ ಒಂದು ದಿನಕ್ಕೆ ಏನೇನು ಎಷ್ಟೆಷ್ಟು ಈಜಬೇಕು ಅನ್ನುವ ಪಟ್ಟಿ, ಬರೆದು ಕೊಡು ಅಂದಿದ್ದೆ. ನಿಮ್ಮದು 25 ಮೀಟರ್ ಪೂಲ್ ಅಲ್ವಾ? ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಮೊದಲು ಯಾವ ಸ್ಟ್ರೋಕ್ ಆದರೂ ಸರಿ, ಆರಾಮಾಗಿ 200 ಮೀಟರ್. ಆಮೇಲೆ ಬೋರ್ಡ್ ಹಿಡಿದು ಕಿಕ್, ನಾಲ್ಕು ಸಲ 25. ನಂತರ ಒಂದು ಕೈ ಇನ್ನೊಂದನ್ನು ಮುಟ್ಟುವವರೆಗೆ ಕಾಯುವ ಡ್ರಿಲ್, ಅದೂ ನಾಲ್ಕು ಸಲ 25. ಮುಖ್ಯ ಸೆಟ್ 16 ಸಲ 25 ಫ್ರೀಸ್ಟೈಲ್, ಪ್ರತಿ ಸಲಕ್ಕೂ 20 ಸೆಕೆಂಡು ವಿಶ್ರಾಂತಿ. ಕೊನೆಗೆ 100 ಮೀಟರ್ ಬ್ಯಾಕ್‌ಸ್ಟ್ರೋಕ್, ನಿಧಾನಕ್ಕೆ. ಒಟ್ಟು 900 ಮೀಟರ್. ದಮ್ಮು ಸಾಲದಿದ್ದರೆ ಹದಿನಾರನ್ನು ಎಂಟು ಮಾಡು. ಸಲೀಸಾದ ಮೇಲೆ ಎಂಟು ಸಲ 50 ಮಾಡು, ವಿಶ್ರಾಂತಿ 30 ಸೆಕೆಂಡು. ಒಟ್ಟು ದೂರವನ್ನು ಮಾತ್ರ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸು, ದಮ್ಮು ಎಷ್ಟೇ ಚೆನ್ನಾಗಿರಲಿ.

ಗಡಿಯಾರ ನೋಡಬೇಡ ಅಂತ ನಾನು ಹೇಳಲ್ಲ. ನೋಡು, ಆದರೆ ವಿಶ್ರಾಂತಿ ಅಳೆಯುವುದಕ್ಕೆ. ಈಜಿದ್ದನ್ನು ಅಳೆಯಲು ಕೈ ಎಣಿಸು. ಒಂದು ಉದ್ದಕ್ಕೆ 24 ಕೈ ಆಗುತ್ತಿದ್ದದ್ದು 21 ಆದರೆ, ನೀರಿನ ಹಿಡಿತ ವಾಪಸ್ ಬರುತ್ತಿದೆ ಅಂತ ಅರ್ಥ. ಇಂಟರ್ ಕಾಲೇಜ್ ಟೈಮಿಂಗ್ ಬರೆದಿಟ್ಟ ಆ ನೋಟ್‌ಬುಕ್ ನಿನ್ನ ಹತ್ತಿರ ಇನ್ನೂ ಇದೆ ಅಂತ ಗೊತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಶುರು ಮಾಡಬೇಡ. ಮಾಸ್ಟರ್ಸ್ ಈಜಿನಲ್ಲಿ, ಅಂದರೆ ದೊಡ್ಡವರಿಗೆಂದೇ ನಡೆಸುವ ಸ್ಪರ್ಧೆಗಳಲ್ಲಿ, 25ರಿಂದ ಮೇಲೆ ಐದೈದು ವರ್ಷಕ್ಕೆ ಒಂದು ಗುಂಪು ಮಾಡುತ್ತಾರೆ. ಎಷ್ಟು ಸರಿಯಾದ ಏರ್ಪಾಡು ನೋಡು. ನಮ್ಮನ್ನು ಹೋಲಿಸುವುದು 45ರಿಂದ 49ರವರ ಜೊತೆ, ಇಪ್ಪತ್ತರ ನಮ್ಮ ಜೊತೆಗಲ್ಲ.

ನಾವು ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ್ದು ನೆನಪಿದೆಯಾ? ಪೇಪರಿನಲ್ಲಿ ಬಂದ ಫೋಟೋ ನೀನು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ 200 ಫ್ರೀಸ್ಟೈಲ್‌ಗೆ ಇಳಿದದ್ದು ಬೆಂಗಳೂರಿನ ಧಿನಿಧಿ ದೇಸಿಂಗು, 14 ವರ್ಷದ ಹುಡುಗಿ. ಆ ರೇಸ್ ನೋಡುವಾಗ ನಿನ್ನದೇ ನೆನಪು.

ಆದರೆ ವಾಪಸ್ ಬರುವ ವಿಷಯದಲ್ಲಿ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಕೇರಳದ ಸಾಜನ್ ಪ್ರಕಾಶ್. ಕುತ್ತಿಗೆಯ ಡಿಸ್ಕ್ ಜಾರಿ ಕೈಗೆ ತೊಂದರೆ ಬಂತು, ಅದರ ಮೇಲೆ ಕೋವಿಡ್. ಅಷ್ಟೆಲ್ಲ ಆದ ಮೇಲೆ 2021ರ ಜೂನ್‌ನಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈ 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೋಗೆ ನೇರ ಅರ್ಹತೆ ಸಿಗಲು ಬೇಕಿದ್ದದ್ದು 1 ನಿಮಿಷ 56.48. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಟಿದರು. ಒಲಿಂಪಿಕ್ಸ್‌ನ ಆ 'ಎ' ಮಟ್ಟವನ್ನು ಮುಟ್ಟಿದ ಮೊದಲ ಭಾರತೀಯ ಈಜುಗಾರ ಅವರು. ಅವರ ಮಟ್ಟವೇ ಬೇರೆ, ಗೊತ್ತು. ಆದರೂ ಕೈಯೇ ಮಾತು ಕೇಳದ ಕಾಲ ಕಳೆದು ಒಬ್ಬರು ಬಟರ್‌ಫ್ಲೈಗೆ ಮರಳಿದರು ಅನ್ನುವುದನ್ನು ನಾನು ಚಳಿಯ ಬೆಳಗುಗಳಲ್ಲಿ ನೆನೆಸಿಕೊಂಡೇ ಹಾಸಿಗೆಯಿಂದ ಎದ್ದಿದ್ದೇನೆ.

ಸಣ್ಣ ಪುಟ್ಟದ್ದು ಇನ್ನೂ ಕೆಲವು. ಹಳೇ ಗಾಗಲ್ಸ್‌ನ ರಬ್ಬರ್ ಗಟ್ಟಿಯಾಗಿರುತ್ತದೆ, ಹೊಸದು ತಗೋ. ನೀರಿಗಿಳಿಯುವ ಮುಂಚೆ ಶವರ್‌ನಲ್ಲಿ ಚೆನ್ನಾಗಿ ಮೈ ತೊಳೆದುಕೋ. ಕಣ್ಣು ಉರಿಸುವ ಆ ಘಾಟು ವಾಸನೆ ಬರುವುದು ನಮ್ಮ ಬೆವರು, ಎಣ್ಣೆ ಕ್ಲೋರಿನ್ ಜೊತೆ ಸೇರಿದಾಗ. ನೀರಿನಲ್ಲೂ ಬೆವರುತ್ತೇವೆ, ಬಾಟಲಿ ಲೇನ್ ತುದಿಯಲ್ಲಿಟ್ಟುಕೋ. ಹೋಗುವಾಗ ಒಂದು ಬಾಳೆಹಣ್ಣು ಸಾಕು. ಬಂದ ಮೇಲೆ ಹಸಿವು ಹೇಗಿರುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ಸರಸ್ವತಿಪುರಂನ ಯೂನಿವರ್ಸಿಟಿ ಪೂಲಿನಿಂದ ಒದ್ದೆ ತಲೆಯಲ್ಲೇ ಸೈಕಲ್ ಹತ್ತಿ ಇಡ್ಲಿಗೆ ಓಡುತ್ತಿದ್ದವರಲ್ಲವೇ ನಾವು!

ಮೊದಲ ವಾರ ಮುಗಿದ ಕೂಡಲೇ ಬರೆ. 25 ಮೀಟರ್‌ಗೆ ಎಷ್ಟು ಕೈ ಆಯಿತು, ಯಾವ ಕಡೆ ತಿರುಗಿ ಉಸಿರು ತಗೊಳ್ಳುತ್ತಿದ್ದೀಯ, ಯಾವ ಭುಜ ಬಿಗಿಯಾಗಿದೆ, ಮೂರನ್ನೂ ತಿಳಿಸು. ಸಾಧ್ಯವಾದರೆ ಮಗನ ಕೈಲಿ ಪಕ್ಕದಿಂದ ಒಂದು ವಿಡಿಯೋ ಮಾಡಿಸಿ ಕಳಿಸು. ಅದನ್ನು ನೋಡಿಕೊಂಡು ಮುಂದಿನ ತಿಂಗಳ ಸೆಟ್ ಬರೆಯುತ್ತೇನೆ. ದಸರಾಕ್ಕೆ ಮನೆಯವರನ್ನೆಲ್ಲ ಕರೆದುಕೊಂಡು ಮೈಸೂರಿಗೆ ಬಾ, ಕಾಸ್ಟ್ಯೂಮ್ ಮರೆಯಬೇಡ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳಿಗೆ ಪ್ರೀತಿ.

ನಿನ್ನ,
ಪಕ್ಕದ ಲೇನಿನವನು