ನನ್ನ ಪರಿಚಯವೇ ಇಲ್ಲದ ಕೋಚ್‌ಗೆ ಒಂದು ಥ್ಯಾಂಕ್ಸ್

ನನಗೆ ಫುಟ್‌ಬಾಲ್ ಕೋಚಿಂಗ್ ಲೈಸೆನ್ಸ್ ಸಿಕ್ಕಿದ ಸುದ್ದಿ ಕೇಳಿ ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ, ಮನೆ ತನಕ ಬಂದು ಮೈಸೂರು ಪಾಕ್ ಕೊಟ್ಟು ಹೋದವರಿಗೆ, ಎಲ್ಲರಿಗೂ ಮೊದಲು ತುಂಬಾ ತುಂಬಾ ಥ್ಯಾಂಕ್ಸ್. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋಣ ಅಂತ ಕೂತೆ. ಮುಗಿಯೋ ಹಾಗೆ ಕಾಣಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮಂಡಿಗೆ ಏಟು ಬಿದ್ದು ನಾನು ಆಡೋದು ನಿಂತಾಗ ಮನೆಯವರು ಯಾರೂ 'ಇನ್ನು ಫುಟ್‌ಬಾಲ್ ಸಾಕು' ಅನ್ನಲಿಲ್ಲ. ಅಮ್ಮ ಬಿಸಿನೀರಿನ ಶಾಖ ಕೊಟ್ಟರು. ಹೆಂಡತಿ ತನ್ನ ಸಂಬಳದಲ್ಲಿ ಮನೆ ನಡೆಸಿದಳು. ಕೋರ್ಸಿನ ಫೀಸನ್ನೂ ಅವಳೇ ಕಟ್ಟಿದಳು. ನಮ್ಮ ಏರಿಯಾದ ಸ್ಪೋರ್ಟ್ಸ್ ಅಂಗಡಿಯ ಅಣ್ಣ ಸಾಲದ ಮೇಲೆ ಚೆಂಡು ಕೊಟ್ಟರು. ಯಾವತ್ತೂ ದುಡ್ಡು ಕೇಳಲಿಲ್ಲ, ನಾನೇ ಹೋಗಿ ಕೊಡೋ ತನಕ ಕಾದರು. ಇವರ ಋಣ ದೊಡ್ಡದು.

ಇವರಲ್ಲದೆ ಇನ್ನೊಬ್ಬರಿದ್ದಾರೆ. ನಾನು ಯಾರು ಅಂತ ಅವರಿಗೆ ಗೊತ್ತೇ ಇಲ್ಲ. ಅವರು ಕನ್ನಡ ಓದುವವರೂ ಅಲ್ಲ. ಆದರೂ ಹೇಳಲೇಬೇಕು. ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಕ್ಲಬ್‌ನ ಮೊದಲ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಅವರಿಗೆ ನನ್ನ ನಮಸ್ಕಾರ.

ಬಿಎಫ್‌ಸಿ ಮೊದಲಿನಿಂದ ನೋಡಿದವರಿಗೆ ಈ ಹೆಸರು ಹೊಸದಲ್ಲ. ಬೇರೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. 1976ರಲ್ಲಿ ಇಂಗ್ಲೆಂಡಿನ ಬ್ರಿಡ್ಜ್‌ನಾರ್ತ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದವರು. ಡಿಫೆಂಡರ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಬೆಳೆದವರು, 1995ರಲ್ಲಿ ಎಫ್‌ಎ ಯೂತ್ ಕಪ್ ಗೆದ್ದ ತಂಡದಲ್ಲಿ ಇದ್ದರು. ಅದೇ ತಂಡದ ಫಿಲ್ ನೆವಿಲ್ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ವೆಸ್ಟ್‌ವುಡ್ ಅವರಿಗೆ ಯುನೈಟೆಡ್‌ನ ಸೀನಿಯರ್ ತಂಡದಲ್ಲಿ ಒಂದು ಮ್ಯಾಚೂ ಸಿಗಲಿಲ್ಲ. ಕ್ರೂ ಅಲೆಗ್ಸಾಂಡ್ರಾಗೆ ಹೋದರು. ಆಮೇಲೆ ಬ್ರ್ಯಾಡ್‌ಫರ್ಡ್ ಸಿಟಿ. ಆ ತಂಡ 1999ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿತು. ಅಲ್ಲಿಂದ ಶೆಫೀಲ್ಡ್ ವೆಡ್ನೆಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಸ್ವಿಂಡನ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸಮ್. ಊರೂರು ಸುತ್ತಿದ ಆಟಗಾರ. ಕೊನೆಕೊನೆಗೆ ಲೀಗ್‌ನ ಕೆಳಗಿನ ಮೆಟ್ಟಿಲುಗಳಲ್ಲೇ ಆಡಿದರು.

ಈ ಪಟ್ಟಿ ನೋಡಿದಾಗಲೆಲ್ಲ ನನಗೆ ನಮ್ಮ ಡಿವಿಷನ್ ಲೀಗ್ ಆಟಗಾರರು ನೆನಪಾಗುತ್ತಾರೆ. ಒಂದು ಸೀಸನ್ ಈ ಕ್ಲಬ್, ಮುಂದಿನ ಸೀಸನ್ ಆ ಕ್ಲಬ್. ಮಧ್ಯೆ ಗಾಯ. ಮತ್ತೆ ಹೊಸ ಕೋಚ್, ಹೊಸ ಜರ್ಸಿ. ಪೇಪರ್‌ನಲ್ಲಿ ಫೋಟೋ ಬರೋದಿಲ್ಲ. ಆದರೆ ಹಾಗೆ ಆಡಿದವನಿಗೆ ಎಷ್ಟು ಥರದ ಡ್ರೆಸ್ಸಿಂಗ್ ರೂಮ್ ಗೊತ್ತಿರುತ್ತೆ, ಎಷ್ಟು ಜನ ಕೋಚ್‌ಗಳ ಪಾಠ ತಲೆಯಲ್ಲಿರುತ್ತೆ, ಯೋಚನೆ ಮಾಡಿ. ಬೆಂಚಿನ ಮೇಲೆ ಕೂತವನ ಸಂಕಟ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಟ ಬಿಟ್ಟ ಮೇಲೆ ಅವರು ಕೆಲವು ಇಂಗ್ಲಿಷ್ ಕ್ಲಬ್‌ಗಳ ಕೋಚಿಂಗ್ ಬಳಗದಲ್ಲಿ ದುಡಿದರು. 2013ರ ಜುಲೈನಲ್ಲಿ ನಮ್ಮೂರಿಗೆ ಬಂದರು. ಆಗ ಅವರಿಗೆ 36 ವರ್ಷ. ಎಚ್‌ಎಎಲ್ ತಂಡ 2012ರಲ್ಲಿ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ಬೆಂಗಳೂರಿಗೆ ಆ ಮಟ್ಟದ ಕ್ಲಬ್ಬೇ ಇರಲಿಲ್ಲ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಅಂಥ ಕಡೆ ಬೀದಿಬೀದಿಯಲ್ಲಿ ಫುಟ್‌ಬಾಲ್ ಇತ್ತು. ಆ ಹುಡುಗರು ಶನಿವಾರ ರಾತ್ರಿ ಟಿವಿಯಲ್ಲಿ ಇಂಗ್ಲೆಂಡಿನ ಆಟ ನೋಡುತ್ತಿದ್ದರು, ಅಷ್ಟೇ.

2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಬಿಎಫ್‌ಸಿಯ ಮೊದಲ ಐ-ಲೀಗ್ ಮ್ಯಾಚ್. ಎದುರಾಳಿ ಮೋಹನ್ ಬಾಗಾನ್. 1-1 ಡ್ರಾ ಆಯಿತು. ನಾನು ಬೇಗ ಹೋಗಿದ್ದೆ, ಪ್ರಾಕ್ಟೀಸ್ ನೋಡೋಣ ಅಂತ. ನಾವು ಅದೇ ಟರ್ಫ್‌ನಲ್ಲಿ ಲೀಗ್ ಆಡಿದವರು. ಮನೆಗೆ ಬಂದು ಬೂಟು ಕೊಡವಿದರೆ ಕಪ್ಪು ರಬ್ಬರ್ ಪುಡಿ ಉದುರುತ್ತಿತ್ತು. ಅಂಥ ಜಾಗದಲ್ಲಿ ಆವತ್ತು ಕೋನ್‌ಗಳು ನೇರವಾಗಿ ಸಾಲಾಗಿ ನಿಂತಿದ್ದವು. ಆಟಗಾರರು ಒಟ್ಟಿಗೆ ಬಂದರು, ಒಟ್ಟಿಗೆ ಶುರು ಮಾಡಿದರು, ಒಟ್ಟಿಗೆ ಮುಗಿಸಿದರು. ನಮ್ಮ ಕಾಲದಲ್ಲಿ ವಾರ್ಮ್‌ಅಪ್ ಅಂದರೆ ಒಬ್ಬ ಓಡುತ್ತಿದ್ದ, ಒಬ್ಬ ಗೋಲಿಗೆ ಹೊಡೆಯುತ್ತಿದ್ದ, ಇನ್ನೊಬ್ಬ ಬೂಟಿಗೆ ಲೇಸ್ ಹುಡುಕುತ್ತಿದ್ದ. ನನಗೆ ಆವತ್ತಿನ ಗೋಲಿಗಿಂತ ಆ ವಾರ್ಮ್‌ಅಪ್ಪೇ ಜಾಸ್ತಿ ನೆನಪಿದೆ.

ತಂಡದಲ್ಲಿ ಸುನಿಲ್ ಛೇತ್ರಿ ಇದ್ದರು ನಿಜ. ಆದರೆ ಒಬ್ಬ ಛೇತ್ರಿಯಿಂದ ಲೀಗ್ ಗೆಲ್ಲೋಕಾಗಲ್ಲ ಅಲ್ವಾ? ಜಾನ್ ಜಾನ್ಸನ್, ಕರ್ಟಿಸ್ ಒಸಾನೊ, ರಿನೊ ಆ್ಯಂಟೊ, ಕೀಗನ್ ಪೆರೇರಾ, ಬೀಖೋಖೈ, ಥೋಯ್ ಸಿಂಗ್ ಎಲ್ಲರನ್ನೂ ಒಂದು ಹದಕ್ಕೆ ತಂದವರು ಕೋಚ್. ಊಟ, ನಿದ್ದೆ, ತೂಕ, ಓಡಿದ ದೂರ, ಎಲ್ಲಕ್ಕೂ ಲೆಕ್ಕ. 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು. ಒಂದು ವರ್ಷವೂ ತುಂಬದ ಕ್ಲಬ್ ಅದು!

ಮುಂದಿನ ಜನವರಿಯಲ್ಲಿ ಫೆಡರೇಷನ್ ಕಪ್ಪೂ ಬಂತು. ಆದರೆ ನಾನು ಇಲ್ಲಿ ಹೇಳಬೇಕಾಗಿರೋದು ಸೋತ ದಿನದ ವಿಷಯ.

2015ರ ಮೇ 31. ಕಂಠೀರವ ಸ್ಟೇಡಿಯಂ. ಎದುರಿಗೆ ಮತ್ತೆ ಮೋಹನ್ ಬಾಗಾನ್. ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಅವರದು. ಮಳೆ. ಮೊದಲರ್ಧದಲ್ಲಿ ಜಾನ್ಸನ್ ಹೆಡ್ ಮಾಡಿ ಗೋಲು ಹೊಡೆದರು. ನಮ್ಮ ಅಭಿಮಾನಿಗಳು ಕೂರೋ ವೆಸ್ಟ್ ಬ್ಲಾಕ್ ಇಡೀ ಕುಣಿಯಿತು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಹೆಡ್ ಮಾಡಿದ ಚೆಂಡು ಗೋಲಿನೊಳಗೆ ಹೋಯಿತು. 1-1. ಕಪ್ ಕೈತಪ್ಪಿತು. ಪಕ್ಕದಲ್ಲಿದ್ದವನು ಅತ್ತ, ನಾನೂ ಅತ್ತೆ. ಆದರೆ ಬಾವುಟ ಹಿಡಿದವರು ಎದ್ದು ಹೋಗಲಿಲ್ಲ. ಒದ್ದೆಯಾಗಿ ನಿಂತು ಹಾಡುತ್ತಲೇ ಇದ್ದರು. ಆಗ ನನ್ನ ಮಂಡಿಗೆ ಬೆಲ್ಟ್ ಇತ್ತು. ಆಡೋದು ಮುಗಿಯಿತು ಅಂತ ಡಾಕ್ಟರ್ ಹೇಳಿ ಸ್ವಲ್ಪ ದಿನ ಆಗಿತ್ತಷ್ಟೇ. ಕ್ಲಬ್ ಮುಂದಿನ ಸೀಸನ್‌ನಲ್ಲಿ ಏನು ಮಾಡಿತು ಗೊತ್ತಲ್ಲ? 2016ರ ಏಪ್ರಿಲ್ 17ರಂದು ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2-0ರಿಂದ ಸೋಲಿಸಿ ಲೀಗ್ ವಾಪಸ್ ತಂದರು. ಆ ಒಂದು ವರ್ಷ ನಾನು ಅವರನ್ನು ನೋಡಿಕೊಂಡೇ ತಳ್ಳಿದೆ. ಮಕ್ಕಳಿಗೆ ಹೇಳಿಕೊಡೋಕೆ ಶುರು ಮಾಡಿದ್ದೂ ಅದೇ ವರ್ಷ.

ಅವರಿಂದ ಕಲಿತಿದ್ದು ಏನು ಅಂತ ಕೇಳಿದರೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮಕ್ಕಳೆಲ್ಲ ಚೆಂಡು ಬಂದ ಕೂಡಲೇ ಕಾಲು ಚಾಚಿ ನುಗ್ಗುತ್ತಿದ್ದರು. ಎದುರಿನವನು ಸುಮ್ನೆ ಪಕ್ಕಕ್ಕೆ ತಳ್ಳಿ ದಾಟಿ ಹೋಗುತ್ತಿದ್ದ. ಬಿಎಫ್‌ಸಿ ಡಿಫೆಂಡರ್‌ಗಳು ಹಾಗೆ ಮಾಡುತ್ತಿರಲಿಲ್ಲ. ಓರೆಯಾಗಿ ನಿಲ್ಲುತ್ತಿದ್ದರು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಮಂಡಿ ಸ್ವಲ್ಪ ಬಗ್ಗಿಸಿ. ಎದುರಿನವನನ್ನು ಲೈನ್ ಕಡೆಗೆ ತಳ್ಳಿಕೊಂಡು ಹೋಗುತ್ತಿದ್ದರು. ಆಗಾಗ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದರು. ಗ್ಯಾಲರಿಯಲ್ಲಿ ಕೂತು ನಾನು ಚೆಂಡು ಬಿಟ್ಟು ಇವರ ಕಾಲುಗಳನ್ನೇ ನೋಡುತ್ತಿದ್ದೆ. ಈಗ ನಮ್ಮ ಗ್ರೌಂಡಿನಲ್ಲಿ, ಅತ್ತ ಕ್ರಿಕೆಟ್ ಆಡೋ ಹುಡುಗರು, ಇತ್ತ ನಿಲ್ಲಿಸಿದ ಆಟೋಗಳ ಮಧ್ಯೆ, ನನ್ನ ಮಕ್ಕಳು ಅದೇ ಥರ ನಿಲ್ಲುತ್ತಾರೆ. ಅದರಲ್ಲೊಂದು ಹುಡುಗಿ ಇದ್ದಾಳೆ. ನಿಲ್ಲೋ ರೀತಿ ನೋಡಿದರೆ ಸಾಕು, ಎದುರಿನವರು ಪಾಸ್ ಕೊಟ್ಟು ವಾಪಸ್ ಹೋಗುತ್ತಾರೆ!

2016ರಲ್ಲಿ ವೆಸ್ಟ್‌ವುಡ್ ಹೊರಟರು. ಹೊರಡೋ ಮುಂಚೆ ಹಾಂಗ್‌ಕಾಂಗ್‌ನ ಕಿಚೀ ತಂಡವನ್ನು ಅವರ ಊರಲ್ಲೇ 3-2ರಿಂದ ಸೋಲಿಸಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಕ್ವಾರ್ಟರ್‌ಫೈನಲ್‌ಗೆ ದಾರಿ ಮಾಡಿಕೊಟ್ಟಿದ್ದರು. ಆಮೇಲೆ ಹೊಸ ಕೋಚ್ ಆಲ್ಬರ್ಟ್ ರೋಕಾ ಕೈಯಲ್ಲಿ ತಂಡ ಫೈನಲ್ ತನಕ ಹೋಯಿತು. ಭಾರತದ ಬೇರೆ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ವೆಸ್ಟ್‌ವುಡ್ ಮತ್ತೆ ಊರೂರು. ಮಲೇಷ್ಯಾದ ಪೆನಾಂಗ್, ಕೋಲ್ಕತ್ತಾದ ಎಟಿಕೆ, ಪಂಜಾಬ್. 2023ರ ಕೊನೆಗೆ ಅಫ್ಘಾನಿಸ್ತಾನದ ರಾಷ್ಟ್ರೀಯ ತಂಡ. ತವರಿನ ಮ್ಯಾಚನ್ನೂ ಸೌದಿಯ ಅಭಾದಲ್ಲಿ ಆಡಬೇಕಾದ ತಂಡ ಅದು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಆ ತಂಡ ನಮ್ಮನ್ನೇ 2-1ರಿಂದ ಸೋಲಿಸಿತು. ಛೇತ್ರಿಯವರ 150ನೇ ಅಂತರರಾಷ್ಟ್ರೀಯ ಪಂದ್ಯ ಬೇರೆ. ಮುಂದಿನ ವರ್ಷ ಜೂನ್‌ನಲ್ಲಿ ಹಾಂಗ್‌ಕಾಂಗ್ ಕೋಚ್ ಆಗಿ 1-0ರಿಂದ ಮತ್ತೆ ಸೋಲಿಸಿದರು, ಅದೂ ಕೊನೇ ಗಳಿಗೆಯ ಪೆನಾಲ್ಟಿಯಲ್ಲಿ. ಭಾರತ ಸೋತಾಗ ಎರಡೂ ಸಲ ಹೊಟ್ಟೆ ಉರಿಯಿತು, ಊಟ ಸೇರಲಿಲ್ಲ. ಆದರೆ ಅವರ ಡಿಫೆಂಡರ್‌ಗಳು ನಿಂತ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು.

ಕೋಚ್, ನೀವು ಯುನೈಟೆಡ್‌ನಿಂದ ಹೊರಗೆ ಬಂದ ಮೇಲೂ ಆಡಿದಿರಿ, ಕಲಿತಿರಿ, ಕಲಿತಿದ್ದನ್ನೆಲ್ಲ ನಮ್ಮೂರಿಗೆ ಬಂದು ಕೊಟ್ಟಿರಿ. ದೊಡ್ಡ ಆಟಗಾರನಾಗದ ನನಗೆ ಕೋಚ್ ಆಗೋ ಧೈರ್ಯ ಬಂದಿದ್ದು ನಿಮ್ಮನ್ನು ನೋಡಿ. ಮನಸಾರೆ ಥ್ಯಾಂಕ್ಸ್. ವೆಸ್ಟ್ ಬ್ಲಾಕ್ ಬ್ಲೂಸ್ ಗೆಳೆಯರಿಗೂ ಥ್ಯಾಂಕ್ಸ್, ಮಂಡಿ ನೋವಿದ್ದವನಿಗೆ ಮೆಟ್ಟಿಲು ಹತ್ತೋಕೆ ಕೈ ಕೊಟ್ಟಿದ್ದಕ್ಕೆ.

ಬೆಳಗ್ಗೆ ಆರು ಗಂಟೆಗೆ ಮಕ್ಕಳನ್ನು ಎಬ್ಬಿಸಿ ಕಳಿಸೋ ತಂದೆತಾಯಿಯರೇ, ನಿಮಗೂ ದೊಡ್ಡ ನಮಸ್ಕಾರ. ಮುಂದಿನ ತಿಂಗಳಿಂದ ಹತ್ತು ವರ್ಷದ ಒಳಗಿನವರಿಗೆ ಬೇರೆ ಬ್ಯಾಚ್ ಶುರು ಮಾಡುತ್ತೇನೆ. ಫೀಸ್ ಕಟ್ಟೋಕೆ ಆಗದಿದ್ದರೂ ಪರವಾಗಿಲ್ಲ, ಕಳಿಸಿ. ಮನೆಯಲ್ಲಿ ಮಕ್ಕಳ ಕಾಲಿಗೆ ಚಿಕ್ಕದಾದ ಬೂಟುಗಳಿದ್ದರೆ ತಂದುಕೊಡಿ, ಹಾಕಿಕೊಳ್ಳೋ ಮಕ್ಕಳಿದ್ದಾರೆ.