ಜೂನ್ 1ರ ದೋಸ್ತನಿಗೆ

ದೋಸ್ತಾ,

ನಮ್ಮ ಕ್ಲಾಸಿನಾಗ ಅರ್ಧ ಮಂದಿ ಹುಟ್ಟಿದ್ದು ಜೂನ್ 1ಕ್ಕೇ ಅಲ್ಲೇನು? ಹೆಡ್‌ಮಾಸ್ತರ್ ಬರದಿದ್ದೇ ನಮ್ಮ ಜಾತಕ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಾಗ 1974 ಅದ. ಅವ್ವ ಮಾತ್ರ "ನೀ 72ರ ಬರದಾಗ ಹುಟ್ಟಿದಾವ" ಅಂತಿದ್ಳು.

ನಿನ್ನೆ ಸಂಜಿಗೆ ನನ್ನ ಹೆಂಡ್ತಿ ರೊಟ್ಟಿ ಬಡೀಲತ್ತಿದ್ಳು. ನಾ ಬಾಗಲಾಗ ಕುಂತು ಪೆನ್ಷನ್ ಲೆಕ್ಕ ಹೇಳ್ಲತ್ತಿದ್ದೆ. ಜೂನ್ 1ರಾವ್ರು ಮೇ 31ಕ್ಕೇ ರಿಟೈರ್, 2034ಕ್ಕ ಅಂದೆ. ಬಡಿಯೋ ಸಪ್ಪಳ ನಿಂತಿತು. ಹಿಟ್ಟು ಹತ್ತಿದ ಬೆರಳು ಎಣಿಸಿ, "ಆಗ ನನಗ ನಲವತ್ತಾರು" ಅಂದಳು. ಮತ್ತ ಬಡಿಯಲಾಕ ಹತ್ತಿದ್ಳು.

ನನಗ ಊಟ ಸೇರಲಿಲ್ಲ. ನಮ್ಮೂರ ಅಪ್ಪನ ಕೆರಿ ಸುತ್ತ ಎರಡು ಸಲ ತಿರುಗಿ ಬಂದೆ.

2009ರಾಗ ನಮ್ಮ ಲಗ್ನ ಆದಾಗ ಆಕಿಗೆ 21, ನನಗ 35. "ಗಂಡಸಿಗೇನು ವಯಸ್ಸು, ನೌಕರಿ ಅದಲ್ಲ" ಅಂದಿದ್ರು ಹಿರಿಯರು. ಕಾನೂನೂ ಹಂಗೇ ಅದ: ಹೆಣ್ಣಿಗೆ 18, ಗಂಡಿಗೆ 21. ಇಬ್ಬರಿಗೂ 21 ಮಾಡ್ತೀವಂತ 2021ರಾಗ ಮಸೂದೆ ತಂದ್ರು, ಪಾಸ್ ಆಗದೇ ಹೋಯ್ತು.

ನಾ ಮೊದಲು ಹೋದ್ರ ಆಕಿ ಗತಿ ಏನಂತ ಮಂದಿ ಕೇಳ್ತಾರ. ನನ್ನ ಕೊರಗು ಬ್ಯಾರೆ ಅದ. ಲಗ್ನ ಆಗಿ ಐದು ವರ್ಷಕ್ಕ, ಶರಣಬಸಪ್ಪನ ಜಾತ್ರ್ಯಾಗ ಆಕಿ ದೊಡ್ಡ ತೊಟ್ಟಿಲು ಏರೋಣು ಅಂದಳು. ನನಗ ನಲವತ್ತು, ಗದ್ದಲ ಬ್ಯಾಡಾಗಿತ್ತು. "ಈ ವಯಸ್ಸಿನಾಗ ಏನದು" ಅಂದೆ. ಯಾರ ವಯಸ್ಸು, ದೋಸ್ತಾ? ಆಕಿಗಿನ್ನ ಇಪ್ಪತ್ತಾರು! ಬಿ.ಇಡಿ. ಮಾಡ್ತೀನಿ ಅಂದಾಗೂ ನನ್ನ ಬಾಯಾಗ ಅದೇ ಮಾತು. ಆಕಿ ಮತ್ತ ಕೇಳಲಿಲ್ಲ. ನನ್ನ ವಯಸ್ಸಿಗೆ ಆಕೀನ್ನ ಎಳಕೊಂಡು ಬಂದುಬಿಟ್ಟೆ.

ಇನ್ನೊಂದು. ಅವ್ವನ ಆ ಮಾತು ಲಗ್ನಕ್ಕ ಮೊದಲೇ ನನಗ ಗೊತ್ತಿತ್ತು. ಅಂತರ ಹದಿನಾಲ್ಕಲ್ಲ, ಹದಿನಾರು. ಇವತ್ತಿಗೂ ಆಕಿಗೆ ಹೇಳಿಲ್ಲ. ಇಲ್ಲಿ ಹಾಕಿದ್ರ ಓದ್ತಾಳ. ಓದಲಿ.

ಇಷ್ಟು ಬರೀಬೇಕಂತ ಕುಂತಿರಲಿಲ್ಲ. ಇರಲಿ. ಪುಣೆದಾಗ ಹೆಂಗದೀ? ಹೋಳಿ ಆಗಿ ಐದನೇ ದಿನಕ್ಕ ತೇರು, ಬಾ. ಆಕಿ ಶೇಂಗಾ ಹಿಂಡಿ ಕುಟ್ಟಿಟ್ಟಾಳ, ನಿನಗಂತಲೇ ಖಾರ ಜಾಸ್ತಿ. ತೊಟ್ಟಿಲದ್ದು ಮೂರು ಟಿಕೆಟ್ ನಾ ತಗೀತೀನಿ.

ನಿನ್ನ ದೋಸ್ತ
ಕಲಬುರಗಿ